ಗ್ರಾಫಿಕ್ಸ್ ಕಾರ್ಡ್ ಕೂಗುತ್ತಿದೆ: ಕೂಲರ್ ಬದಲಿಸಬೇಕೆ?

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ. ಬಿಸಿಲು, ಧೂಳು, ಕರೆಂಟಿನ ಏರಿಳಿತದಲ್ಲೂ ನಾಲ್ಕು ತಾಲ್ಲೂಕು ಹೆಚ್ಚುಕಮ್ಮಿ ಒಂದೇ. ಇಲ್ಲಿನ ಫೋಟೊ ಸ್ಟುಡಿಯೊ, ಫ್ಲೆಕ್ಸ್ ಅಂಗಡಿ, ಗೇಮ್ ಆಡುವ ಹುಡುಗರ ಕೋಣೆಗಳಲ್ಲಿ ಇಂದು ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗಳಿವೆ. ಕಾರ್ಡ್ ಹಳೆಯದಾದಂತೆ ಅದರ ಫ್ಯಾನ್ ಕೂಗಲು ಶುರು ಮಾಡುತ್ತದೆ. ಕಂಪನಿ ಕೊಟ್ಟ ಕೂಲರ್ ಬಿಚ್ಚಿ ಸದ್ದು ಮಾಡದ ಬೇರೆ ಕೂಲರ್ ಹಾಕಿಸುವುದು ಸರಿಯೇ? ಪರವಾಗಿ ಮಾತನಾಡುತ್ತಿರುವವರು ಶಿರಾದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರು. ವಿರೋಧಿಸುತ್ತಿರುವವರು ಮಧುಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು. ಇಬ್ಬರೂ ಹಳೆಯ ಪರಿಚಯದವರು.

ಪರ: ಕಿವಿಯಿಂದ ಮಾಡುವ ಕೆಲಸ ನಮ್ಮದು

ಎಡಿಟಿಂಗ್ ಎಂದರೆ ಕಣ್ಣಿನ ಕೆಲಸ ಎಂದು ಜನ ತಿಳಿಯುತ್ತಾರೆ. ಅರ್ಧ ಕೆಲಸ ಕಿವಿಯದು. ಧಾರೆ ಎರೆಯುವ ಹೊತ್ತಿನಲ್ಲಿ ಪುರೋಹಿತರ ಮಂತ್ರದ ನಡುವೆ ಹುಡುಗಿಯ ತಂದೆ ಏನೋ ಮೆಲ್ಲಗೆ ಹೇಳಿರುತ್ತಾರೆ. ಛತ್ರದ ಜನರೇಟರ್ ಸದ್ದು, ಮೈಕಿನ ಗೊರಗೊರ ಅದರ ಮೇಲೆ ಕೂತಿರುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ಕೇಳಿಯೇ ತೀರ್ಮಾನಿಸಬೇಕು. ಟೇಬಲ್ ಕೆಳಗೆ ಕಾರ್ಡ್ ಭರ್ರೆಂದು ಕೂಗುತ್ತಿದ್ದರೆ ರೆಕಾರ್ಡಿಂಗ್‌ನಲ್ಲಿರುವ ಸಣ್ಣ ಬುಸುಗುಟ್ಟುವ ಸದ್ದು ನಮಗೆ ಕೇಳಿಸುವುದೇ ಇಲ್ಲ. ಎರಡೂ ಒಂದೇ ಜಾತಿಯ ಸದ್ದು, ದೊಡ್ಡದು ಚಿಕ್ಕದನ್ನು ಮುಚ್ಚಿಬಿಡುತ್ತದೆ. ಪೆನ್ ಡ್ರೈವ್ ತೆಗೆದುಕೊಂಡು ಹೋದವರು ಮನೆಯ ಟಿವಿಗೆ ಹಾಕಿದಾಗ ಅವರಿಗೆ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಫ್ಯಾನಿನ ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತೇವೆ. ಲಗ್ನದ ತಿಂಗಳುಗಳಲ್ಲಿ ಹಗಲೂ ರಾತ್ರಿ ಹಾಗೆ ಏರಿಸಿಕೊಂಡು ಕೂತವರ ಕಿವಿ ಏನಾಗಬೇಕು?

ಯೂಟ್ಯೂಬಿನಲ್ಲಿ ಊರ ಸುದ್ದಿ ಓದುವವರು, ಮಕ್ಕಳಿಗೆ ಪಾಠ ರೆಕಾರ್ಡ್ ಮಾಡುವ ಮೇಷ್ಟ್ರುಗಳ ಕಷ್ಟ ನಮಗಿಂತ ಹೆಚ್ಚು. ಅವರ ಮೈಕು, ಅವರ ಕಂಪ್ಯೂಟರು ಒಂದೇ ಕೋಣೆಯಲ್ಲಿರುತ್ತವೆ. ಅವರು ಬಾಯಿ ಬಿಡುವ ಮೊದಲೇ ಫ್ಯಾನು ಮಾತಾಡಿರುತ್ತದೆ. ನಮ್ಮಲ್ಲಿ ಸ್ಟುಡಿಯೊ ಎಂದರೆ ಬಹುಪಾಲು ಮನೆಯ ಮುಂದಿನ ಕೋಣೆ. ನಡುವೆ ಒಂದು ಬಾಗಿಲು, ಆಚೆ ಮಗು ಮಲಗಿರುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು 45 ಡೆಸಿಬೆಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆ ನಿಯಮ ಧ್ವನಿವರ್ಧಕಕ್ಕೆ, ಬೀದಿಗೆ ಬಂದದ್ದು, ನನಗೆ ಗೊತ್ತು. ಬೀದಿಗೆ ಸಲ್ಲದ ಸದ್ದನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಯಾಕೆ ದುಡಿಯಬೇಕು ಎಂಬುದು ನನ್ನ ಪ್ರಶ್ನೆ.

ಸದ್ದು ಹುಟ್ಟುವುದು ಹೇಗೆಂದು ನೋಡೋಣ. ಬ್ಲೋವರ್ ಮಾದರಿಯ ಕಾರ್ಡಿನಲ್ಲಿ ಒಂದೇ ಒಂದು ಪುಟ್ಟ ಚಕ್ರ. ಅದು ಗಾಳಿ ಎಳೆದು, ಒತ್ತೊತ್ತಾದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ನುಗ್ಗಿಸಿ ಹಿಂಬದಿಯಿಂದ ಹೊರಗೆ ತಳ್ಳಬೇಕು. ಚಕ್ರ ಚಿಕ್ಕದಾದಷ್ಟೂ ವೇಗವಾಗಿ ತಿರುಗಲೇಬೇಕು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಆ ಪುಟ್ಟ ಚಕ್ರದ ಜಾಗದಲ್ಲಿ 120 ಮಿಲಿಮೀಟರಿನ ಎರಡು ಫ್ಯಾನ್ ಕೂರಿಸಿದರೆ ನಿಧಾನವಾಗಿ ತಿರುಗಿಯೂ ಬೇಕಾದಷ್ಟು ಗಾಳಿ ಕೊಡುತ್ತವೆ. ಆರ್ಕ್ಟಿಕ್ ಕಂಪನಿಯ ಆಕ್ಸೆಲೆರೊ, ರೈಜಿನ್‌ಟೆಕ್‌ನ ಮಾರ್ಫಿಯಸ್ ಕೂಲರ್‌ಗಳು ಹುಟ್ಟಿದ್ದೇ ಈ ಲೆಕ್ಕದ ಮೇಲೆ. ಮಾರ್ಫಿಯಸ್‌ನಲ್ಲಿ ಬರುವುದು ದೊಡ್ಡ ಹೀಟ್‌ಸಿಂಕ್ ಮಾತ್ರ, ಫ್ಯಾನ್ ನಮಗೆ ಬೇಕಾದ್ದು ಹಾಕಿಕೊಳ್ಳಬಹುದು. ಅಷ್ಟು ಖರ್ಚು ಬೇಡವೆಂದರೆ ಹಳೆಯ ಹೀಟ್‌ಸಿಂಕ್ ಹಾಗೇ ಬಿಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನೂ ಕೂಗುವ ಫ್ಯಾನನ್ನೂ ಕಳಚಿ, ಕ್ಯಾಬಿನೆಟ್ಟಿನ ಫ್ಯಾನ್ ಎರಡನ್ನು ಕೇಬಲ್ ಟೈನಿಂದ ಬಿಗಿಯುವವರಿದ್ದಾರೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ರೆಕ್ಕೆಗಳು ಬಯಲಿಗೆ ತೆರೆದಿರುವ ಕಾರ್ಡಿನಲ್ಲಿ ಕೆಲಸ ಮಾಡುತ್ತದೆ.

ಕಂಪನಿಯವರು ಕೊಟ್ಟದ್ದೇ ಸರಿ ಎನ್ನುವವರಿಗೆ ಕಂಪನಿಗಳ ಚರಿತ್ರೆಯನ್ನೇ ಮುಂದಿಡುತ್ತೇನೆ. 2003ರಲ್ಲಿ ಬಂದ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಷ್ಟು ಕೂಗುತ್ತಿತ್ತೆಂದರೆ ಜನ ಅದಕ್ಕೆ ಧೂಳು ಎಳೆಯುವ ಯಂತ್ರದ ಹೆಸರಿಟ್ಟರು. ಕಂಪನಿಯವರೇ ಅದನ್ನು ಅಣಕಿಸಿ ವಿಡಿಯೊ ಮಾಡಿದರು. 2013ರ ಎಎಂಡಿ ರೇಡಿಯಾನ್ ಆರ್9 290ಎಕ್ಸ್ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿಕೊಂಡೇ ಓಡುವಂತಿತ್ತು, ಅದರ ಸದ್ದಿನ ದೂರು ಎಲ್ಲೆಡೆ ಕೇಳಿಬಂತು. ಕೊನೆಗೆ 2021ರಲ್ಲಿ ಏಸುಸ್ ಕಂಪನಿ ಆಸ್ಟ್ರಿಯಾದ ನೊಕ್ಟುವಾ ಜೊತೆ ಸೇರಿ, 120 ಮಿಲಿಮೀಟರಿನ ಎರಡು ಫ್ಯಾನ್ ಕೂರಿಸಿದ ಆರ್‌ಟಿಎಕ್ಸ್ 3070 ಕಾರ್ಡನ್ನೇ ಮಾರುಕಟ್ಟೆಗೆ ತಂದಿತು. ಬಳಕೆದಾರರು ತಮ್ಮ ಕೋಣೆಗಳಲ್ಲಿ ವರ್ಷಗಟ್ಟಲೆ ಮಾಡಿಕೊಂಡು ಬಂದದ್ದನ್ನೇ ಅವರು ಕಾರ್ಖಾನೆಯಲ್ಲಿ ಮಾಡಿದರು.

ನಮ್ಮ ಕಡೆಗೆ ಬರುವ ಕಾರ್ಡ್‌ಗಳಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು ಬಹಳ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಪದ್ಧತಿ ಬದಲಾಗಿ, ಅದರ ಗಣಿಗಾರಿಕೆಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲವಾಯಿತು. ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಜಗತ್ತಿನಾದ್ಯಂತ ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿದವು. ಅಂಥ ಕಾರ್ಡಿನ ಚಿಪ್ ಚೆನ್ನಾಗಿಯೇ ಇರಬಹುದು, ಫ್ಯಾನಿನ ಬೇರಿಂಗ್ ಮಾತ್ರ ಸವೆದಿರುತ್ತದೆ. ವಾರಂಟಿ ಅಂತೂ ಇಲ್ಲ. ಹೇಗಿದ್ದರೂ ಫ್ಯಾನ್ ಹಾಕಲೇಬೇಕು. ಅದೇ ಕೂಗುವ ಜಾತಿಯನ್ನು ಮತ್ತೆ ಹುಡುಕಿ ತರುವ ಬದಲು ಒಳ್ಳೆಯದನ್ನೇ ಹಾಕಿಸಿದರೆ ತಪ್ಪೇನು?

ವಿರೋಧ: ಶಾಖ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ

ಅಣ್ಣ ಹೇಳಿದ ಕಿವಿಯ ಮಾತು ನೂರಕ್ಕೆ ನೂರು ಸರಿ. ನನ್ನ ತಕರಾರು ಔಷಧದ ಬಗ್ಗೆ. ಸದ್ದು ರೋಗವಲ್ಲ, ರೋಗದ ಲಕ್ಷಣ.

ನನ್ನ ಟೇಬಲ್ ಮೇಲೆ ಬರುವ ಕೂಗುವ ಕಾರ್ಡಿನ ಹೊದಿಕೆ ಬಿಚ್ಚಿದರೆ ಮೊದಲು ಕಾಣುವುದು ಏನು ಗೊತ್ತೆ? ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ಪದರ. ಚಿಮುಟದಲ್ಲಿ ಹಿಡಿದೆಳೆದರೆ ಕಂಬಳಿ ತುಂಡಿನಂತೆ ಇಡಿಯಾಗಿ ಬರುತ್ತದೆ. ರಸ್ತೆ ಧೂಳು, ಊದುಬತ್ತಿ ಹೊಗೆ, ಬಟ್ಟೆಯ ನೂಲು, ಕಡಲೆಕಾಯಿ ಸುಲಿಯುವ ಕಾಲದ ಹೊಟ್ಟು ಎಲ್ಲ ಸೇರಿ ಹೆಪ್ಪುಗಟ್ಟಿರುತ್ತವೆ. ಅದರ ಕೆಳಗೆ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿರುತ್ತದೆ. ಗಾಳಿ ನುಗ್ಗುವುದಿಲ್ಲ, ಶಾಖ ದಾಟುವುದಿಲ್ಲ, ಪಾಪ ಆ ಫ್ಯಾನ್ ಕೂಗದೆ ಇನ್ನೇನು ಮಾಡೀತು? ಗಾಳಿ ಊದುವ ಯಂತ್ರದಿಂದ ಧೂಳು ಹೊಡೆದು (ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ), ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಚ್ಚಿದರೆ ಬಹಳಷ್ಟು ಕಾರ್ಡ್‌ಗಳು ಅಲ್ಲಿಗೇ ತಣ್ಣಗಾಗುತ್ತವೆ.

ಆಮೇಲೆ ಸಾಫ್ಟ್‌ವೇರ್. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಾರ್ಡ್ ಎಳೆಯುವ ಕರೆಂಟಿಗೆ ಮಿತಿ ಹಾಕಬಹುದು, ವೋಲ್ಟೇಜ್ ಇಳಿಸಬಹುದು, ಎಷ್ಟು ಬಿಸಿಗೆ ಫ್ಯಾನ್ ಎಷ್ಟು ತಿರುಗಬೇಕೆಂದು ಗೆರೆ ಎಳೆಯಬಹುದು. ಚಿಪ್ಪಿನ ಕೊನೆಯ ಚೂರು ವೇಗಕ್ಕೇ ಅತಿ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಹಾಗಾಗಿ ವಿದ್ಯುತ್ತಿಗೆ ಮಿತಿ ಹಾಕಿದಷ್ಟು ವೇಗ ಇಳಿಯುವುದಿಲ್ಲ. ರೆಂಡರ್ ಮುಗಿಯಲು ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಇದಕ್ಕೆ ಸ್ಕ್ರೂ ಬಿಚ್ಚುವುದೂ ಬೇಡ.

ಈಗ ಅಸಲು ಮಾತಿಗೆ ಬರುತ್ತೇನೆ. ಕೂಲರ್ ಶಾಖವನ್ನು ಕಡಿಮೆ ಮಾಡುವುದಿಲ್ಲ, ಜಾಗ ಬದಲಿಸುತ್ತದೆ. ಜಿಟಿಎಕ್ಸ್ 1080 ಕಾರ್ಡ್ 180 ವ್ಯಾಟ್ ತಿಂದರೆ 180 ವ್ಯಾಟ್ ಶಾಖ ಹೊರಗೆ ಬರಲೇಬೇಕು, ಯಾವ ದೇಶದ ಫ್ಯಾನ್ ಹಾಕಿದರೂ ಅದು ತಪ್ಪದು. ಅಣ್ಣ ಬೈದ ಆ ಪುಟ್ಟ ಚಕ್ರ ಕೂಗಿದರೂ ಒಂದು ಉಪಕಾರ ಮಾಡುತ್ತದೆ: ಬಿಸಿ ಗಾಳಿಯನ್ನು ನೇರವಾಗಿ ಕ್ಯಾಬಿನೆಟ್ಟಿನಿಂದ ಹೊರಗೆ ಎಸೆಯುತ್ತದೆ. ದೊಡ್ಡ ಫ್ಯಾನಿನ ಕೂಲರ್‌ಗಳು ಆ ಬಿಸಿಯನ್ನು ಕ್ಯಾಬಿನೆಟ್ಟಿನ ಒಳಗೇ ಚೆಲ್ಲುತ್ತವೆ. ಹೊರಗೆ ಹಾಕಲು ಕ್ಯಾಬಿನೆಟ್ಟಿನಲ್ಲಿ ಬೇರೆ ಫ್ಯಾನ್‌ಗಳು ಬೇಕು. ನಮ್ಮ ಕಡೆಯ ಕ್ಯಾಬಿನೆಟ್‌ಗಳನ್ನು ನೋಡಿ. ಹಿಂದೆ ಒಂದೇ ಫ್ಯಾನ್, ಮುಂದೆ ಗಾಜು. ಅದನ್ನೂ ಧೂಳು ಬೀಳದಿರಲಿ ಎಂದು ಟೇಬಲ್ಲಿನ ಗೂಡೊಳಗೆ ತಳ್ಳಿ ಬಾಗಿಲು ಹಾಕಿರುತ್ತಾರೆ. ಅಂಥದ್ದರೊಳಗೆ ಸದ್ದಿಲ್ಲದ ಕೂಲರ್ ಹಾಕಿದರೆ ಕಾರ್ಡ್ ಸುಮ್ಮನಾಗಬಹುದು, ಪ್ರೊಸೆಸರ್ ಮತ್ತು ಕರೆಂಟ್ ಕೊಡುವ ಎಸ್‌ಎಂಪಿಎಸ್ ಬೇಯುತ್ತವೆ.

ಬೇಸಿಗೆ ಬಂದರೆ ಪಾವಗಡ, ಶಿರಾ ಕಡೆ ಕೋಣೆಯೇ ಕಾದಿರುತ್ತದೆ. ಗಾಳಿಯಿಂದ ತಣಿಸುವ ಯಾವ ಕೂಲರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಹೊರದೇಶದಲ್ಲಿ 22 ಡಿಗ್ರಿ ಕೋಣೆಯಲ್ಲಿ ಅಳೆದು 65 ಡಿಗ್ರಿ ಬಂತು ಎಂದರೆ, 38 ಡಿಗ್ರಿಯ ನಮ್ಮ ಕೋಣೆಯಲ್ಲಿ ಅದೇ ಫ್ಯಾನ್ ಅದೇ ವೇಗದಲ್ಲಿ 80 ದಾಟಿಸುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೂ ಈ ಬಿಸಿ ಬಿಟ್ಟಿದ್ದಲ್ಲ. ಸೂರ್ಯನಿಂದಲೇ ಬದುಕುವ ಸಿಲಿಕಾನ್ ಪ್ಯಾನೆಲ್ ಕೂಡ ಒಂದು ಡಿಗ್ರಿ ಹೆಚ್ಚು ಕಾದರೆ ಶೇಕಡ 0.4ರ ಆಸುಪಾಸು ಉತ್ಪಾದನೆ ಕಳೆದುಕೊಳ್ಳುತ್ತದೆ. ಚಿಪ್ಪಿನೊಳಗಿರುವುದೂ ಸಿಲಿಕಾನೇ. ಈ ನೆಲದಲ್ಲಿ ಗಾಳಿಯ ದಾರಿ ಮೊದಲು, ಕೂಲರ್ ಆಮೇಲೆ.

ಕೈಕೆಲಸದ ಅಪಾಯಗಳನ್ನೂ ಹೇಳಬೇಕು, ಮಾರುವವರು ಇದನ್ನು ಹೇಳುವುದಿಲ್ಲ. ಪ್ರೊಸೆಸರ್ ಮೇಲೆ ಲೋಹದ ಮುಚ್ಚಳ ಇರುತ್ತದೆ, ಗ್ರಾಫಿಕ್ಸ್ ಚಿಪ್ ಬರಿಮೈಯಲ್ಲಿರುತ್ತದೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯದೆ ಒಂದೇ ಕಡೆ ಒತ್ತಿದರೆ ಮೂಲೆ ಬಿರಿಯುತ್ತದೆ, ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು. ಚಿಪ್ಪಿನ ಸುತ್ತ ಮೆಮೊರಿ, ಪಕ್ಕದಲ್ಲಿ ಕರೆಂಟನ್ನು ಪಳಗಿಸಿ ಕೊಡುವ ವಿಆರ್‌ಎಂ ಇರುತ್ತವೆ. ಕಂಪನಿಯ ಕೂಲರ್ ಇವೆಲ್ಲವನ್ನೂ ಒಟ್ಟಿಗೆ ತಣಿಸುತ್ತದೆ. ಹೊರಗಿನ ಕೂಲರ್‌ಗಳಲ್ಲಿ ಹಲವು ಚಿಪ್ಪನ್ನು ಮಾತ್ರ ಹಿಡಿಯುತ್ತವೆ, ಉಳಿದವಕ್ಕೆ ಪುಟ್ಟ ಹೀಟ್‌ಸಿಂಕ್‌ಗಳನ್ನು ಅಂಟಿಸಬೇಕು. ನಮ್ಮ ಸೆಕೆಗೆ ಅಂಟು ಸಡಿಲವಾಗಿ ಒಂದು ಲೋಹದ ತುಂಡು ಕೆಳಗೆ ಬಿದ್ದರೆ ಶಾರ್ಟ್. ಥರ್ಮಲ್ ಪ್ಯಾಡ್ ಒಂದು ಮಿಲಿಮೀಟರ್ ಇರಬೇಕಾದ ಕಡೆ ಒಂದೂವರೆ ಹಾಕಿದರೆ ಹೀಟ್‌ಸಿಂಕ್ ಚಿಪ್ಪಿಗೆ ತಾಗುವುದೇ ಇಲ್ಲ. ಚಿಪ್ಪಿನ ಉಷ್ಣತೆ 60 ತೋರಿಸುತ್ತಿದೆ, ಸದ್ದೂ ಇಲ್ಲ ಎಂದು ಖುಷಿಪಡುವ ಹೊತ್ತಿಗೆ, ಪರದೆಯ ಮೇಲೆ ಕಾಣದ ವಿಆರ್‌ಎಂ ಸುಡುತ್ತಿರಬಹುದು.

ಇನ್ನೊಂದು ಹೊಂಡ ಫ್ಯಾನಿನ ವೈರಿನದು. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಪಿನ್ ಸಣ್ಣದು, ಕ್ಯಾಬಿನೆಟ್ ಫ್ಯಾನಿನ ಪ್ಲಗ್ ಅದಕ್ಕೆ ಕೂರುವುದಿಲ್ಲ. ಕೂರಲಿಲ್ಲವೆಂದು ಮದರ್‌ಬೋರ್ಡಿಗೆ ಚುಚ್ಚುತ್ತಾರೆ. ಸಾಮಾನ್ಯವಾಗಿ ಮದರ್‌ಬೋರ್ಡ್ ನೋಡುವುದು ಪ್ರೊಸೆಸರಿನ ಬಿಸಿಯನ್ನು. ರೆಂಡರ್ ಪೂರಾ ಕಾರ್ಡಿನ ಮೇಲೆ ಬಿದ್ದು ಪ್ರೊಸೆಸರ್ ಆರಾಮಾಗಿದ್ದರೆ ಫ್ಯಾನ್ ಮೆಲ್ಲಗೆ ತಿರುಗುತ್ತಲೇ ಇರುತ್ತದೆ, ಕಾರ್ಡ್ ಬೇಯುತ್ತಲೇ ಇರುತ್ತದೆ.

ವಾರಂಟಿ ಇರುವ ಕಾರ್ಡ್ ಆದರೆ ಸ್ಕ್ರೂ ಮೇಲಿನ ಸ್ಟಿಕರ್ ಹರಿದ ಕೂಡಲೇ ಸರ್ವಿಸ್ ಸೆಂಟರಿನಲ್ಲಿ ವಾದ ಶುರುವಾಗುತ್ತದೆ. ಆ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ಪಾವಗಡದವರಿಗೆ ಒಂದು ದಿನದ ಕೆಲಸವೇ ಹೋಯಿತು. ಹೊಸ ತಲೆಮಾರಿನ ಕಾರ್ಡ್‌ಗಳಿಗಂತೂ ಇಂಥ ಕೂಲರ್ ಸಿಗುವುದೇ ಅಪರೂಪ. ಒಂದೊಂದು ಕಾರ್ಡಿನ ತೂತಿನ ಅಳತೆ ಒಂದೊಂದು, ಬೋರ್ಡಿನ ಆಕಾರ ಒಂದೊಂದು. ಮೂರು ಸ್ಲಾಟ್ ದಪ್ಪದ ಭಾರ ಹೊತ್ತ ಕಾರ್ಡನ್ನು ಕ್ಯಾಬಿನೆಟ್ಟಿನಲ್ಲೇ ಇಟ್ಟು ಬಸ್ಸಿನಲ್ಲಿ ಸಾಗಿಸಿದರೆ ಸ್ಲಾಟೇ ಕಿತ್ತು ಬರಬಹುದು.

ಪರದವರ ಮರುಮಾತು

ವಿಆರ್‌ಎಂ ಮಾತು, ವೈರಿನ ಮಾತು ಒಪ್ಪಿದೆ. ಕಾರ್ಡಿನ ಸಣ್ಣ ಪಿನ್ನಿಗೆ ಹೊಂದುವ ಅಡಾಪ್ಟರ್ ವೈರ್ ಸಿಗುತ್ತದೆ, ಅದನ್ನು ಹಾಕಿದರೆ ಹೊಸ ಫ್ಯಾನೂ ಕಾರ್ಡಿನ ಬಿಸಿಯನ್ನೇ ನೋಡಿಕೊಂಡು ತಿರುಗುತ್ತದೆ. ಅದಿಲ್ಲದೆ ಹಾಕಿಸಬೇಡಿ ಎಂದು ನಾನೂ ಹೇಳುತ್ತೇನೆ. ಧೂಳು ಹೊಡೆದು, ಪೇಸ್ಟ್ ಹಚ್ಚಿ, ಮಿತಿ ಹಾಕಿ ನೋಡುವುದೂ ಸರಿ.

ಒಂದು ಮಾತು ಮಾತ್ರ ಒಪ್ಪಲಾರೆ. ಬೇರಿಂಗ್ ಸವೆದು ಕಟಕಟ ಅನ್ನುವ ಫ್ಯಾನಿಗೆ ಯಾವ ಪೇಸ್ಟೂ ಔಷಧವಲ್ಲ, ಯಾವ ಸಾಫ್ಟ್‌ವೇರೂ ಔಷಧವಲ್ಲ. ಹುಟ್ಟಿನಿಂದಲೇ ಕೂಗುವ ಬ್ಲೋವರ್ ಕಾರ್ಡ್ ಧೂಳಿಲ್ಲದಿದ್ದರೂ ಕೂಗುತ್ತದೆ. ಅಂಥ ಕಾರ್ಡ್ ಇಟ್ಟುಕೊಂಡವರು ‘ಕೆಲಸ ಅಂದಮೇಲೆ ಸದ್ದು ಇದ್ದದ್ದೇ’ ಎಂದು ಸುಮ್ಮನಾಗಿಬಿಡುತ್ತಾರಲ್ಲ, ನನ್ನ ಜಗಳ ಅದರ ಮೇಲೆ. ಕ್ಯಾಬಿನೆಟ್ಟಿನ ಮುಂದಿನ ಗಾಜು ತೆಗೆದು ಜಾಲರಿ ಹಾಕಿಸಿ, ಎರಡು ಫ್ಯಾನ್ ಒಳಗೆಳೆಯುವಂತೆ, ಒಂದು ಹೊರಹಾಕುವಂತೆ ಕೂರಿಸಿ, ಡಬ್ಬವನ್ನು ಗೂಡಿನಿಂದ ಹೊರತೆಗೆದು ಇಟ್ಟರೆ ನಮ್ಮ ರಿಪೇರಿಯಣ್ಣ ಹೇಳಿದ ಬಿಸಿಗೂ ದಾರಿ ಸಿಕ್ಕಿತು. ಇಷ್ಟು ಮಾಡಿಸಿ, ವಾರಂಟಿ ಮುಗಿದ ಕಾರ್ಡಿಗೆ ಅಳತೆ ನೋಡಿ ಕೂಲರ್ ತರಿಸಿ, ಬಿಗಿಯುವ ಕೆಲಸವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ಸ್ಕ್ರೂ ಎದುರುಬದುರಾಗಿ ಬಿಗಿಯುವುದು ಅವರಿಗೆ ಗೊತ್ತಲ್ಲ.