ಬೀದಿಯಲ್ಲಿರುವವನ ಊರು ಯಾವುದು?



ಕಾಚಿಗುಡ ಸ್ಟೇಷನ್ನಿನ ಹೊರಗೂ ನಾಂಪಲ್ಲಿಯ ಓಣಿಗಳಲ್ಲೂ ಜಡೆಗಟ್ಟಿದ ತಲೆ, ಹರಕು ಅರಿವೆಯಲ್ಲಿ, ತಮ್ಮಷ್ಟಕ್ಕೆ ತಾವೇ ಮಾತಾಡುತ್ತ ಅಲೆಯುವವರನ್ನು ನಾವೆಲ್ಲ ನೋಡುತ್ತೇವೆ. ಹೋಟೆಲಿನ ಬಾಗಿಲಿಗೆ ಬಂದರೆ ನೀರೆರಚಿ ಓಡಿಸುವುದು, ಇಲ್ಲವೆ ಉಳಿದ ಇಡ್ಲಿಯನ್ನು ದೂರದಿಂದ ಎಸೆಯುವುದು, ಇವೆರಡೇ ಅವರಿಗೆ ನಡೆಯುವ ಉಪಚಾರ. ಗಿರಾಕಿ ಹೇಸುತ್ತಾನೆಂದು ಗಲ್ಲಾದ ಮೇಲಿನವರು ಕೂಗುತ್ತಾರೆ. ಓಡಿಸುವ ಕೆಲಸ ಕ್ಲೀನರ್ ಹುಡುಗನದು.

ಅವರು ಬೇರೆ ಲೋಕದವರೆಂದು ತಿಳಿಯಬೇಡಿರಿ. ಹೋಟೆಲ್ ಕೆಲಸಗಾರನಿಗೂ ಬೀದಿಗೂ ನಡುವೆ ಇರುವುದು ಒಂದು ಚಾಪೆ. ನಮ್ಮಲ್ಲಿ ಬಹುಮಂದಿ ಉಣ್ಣುವುದೂ ಕೆಲಸದ ಜಾಗದಲ್ಲೇ, ಬಾಗಿಲು ಹಾಕಿದ ಮೇಲೆ ಮಲಗುವುದೂ ಅಲ್ಲೇ. ಕೆಲಸ ಹೋದ ದಿನವೇ ಅನ್ನವೂ ಹೋಯಿತು, ಚಾಪೆ ಹಾಸುವ ಜಾಗವೂ ಹೋಯಿತು. ಸಪ್ಲಾಯರನೊಬ್ಬ ನಿದ್ರೆ ಬಾರದೆ, ಯಾರೋ ತನ್ನನ್ನು ಬೈಯುತ್ತಿರುವುದು ಕೇಳಿಸುತ್ತದೆ ಎನ್ನತೊಡಗಿದರೆ ಮೊದಲು ಸುತ್ತಲಿನವರು ನಗುತ್ತಾರೆ. ನಾಲ್ಕು ಲೋಟ ಒಡೆದ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ. ಅವನು ಊರು ಸೇರಿದನೆ, ಸ್ಟೇಷನ್ನಿನಲ್ಲೇ ಉಳಿದನೆ ಎಂದು ಕೇಳುವವರಿಲ್ಲ. ಜ್ವರ ಬಂದವನಿಗೆ ಗಂಜಿ ಕಾಸಿ ಕೊಡುವ ಜನವೇ ಇವನನ್ನು "ಎರ್ರಗಡ್ಡಕ್ಕೆ ಕಳಿಸಿ" ಎಂದು ಚೇಷ್ಟೆ ಮಾಡುತ್ತದೆ. ಎರ್ರಗಡ್ಡದಲ್ಲಿರುವುದು ಸರ್ಕಾರದ ಮಾನಸಿಕ ಆಸ್ಪತ್ರೆ, ಬೈಗುಳವಲ್ಲ.

ಕಾನೂನನ್ನು ನಾವು ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯ 100ನೆಯ ಕಲಮಿನಂತೆ, ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುವವನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕೆಲಸ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡಕೂಡದು. ಕಾಣೆಯಾದವನೆಂದು ಎಫ್.ಐ.ಆರ್. ಬರೆದು ಮನೆಯವರನ್ನು ಹುಡುಕಬೇಕು. ಮನೆಯಿಲ್ಲದವನಿಗೆ ಚಿಕಿತ್ಸೆ ಉಚಿತ; ಬಡತನದ ಕಾರ್ಡು ತೋರಿಸೆಂದು ಹಟ ಹಿಡಿಯುವಂತಿಲ್ಲ.

ಕಾಯಿದೆ ಒಳ್ಳೆಯದೇ. ಆದರೆ ಮನೆಯವರನ್ನು ಹುಡುಕುವುದು ಹೇಗೆ? ಠಾಣೆಯವರು ತೆಲುಗಿನಲ್ಲಿ ಕೇಳುತ್ತಾರೆ, ಉರ್ದುವಿನಲ್ಲಿ ಕೇಳುತ್ತಾರೆ. ಆತ ಕುಂದಾಪುರದ ಕಡೆಯವನೋ ಸೇಡಮಿನ ಕಡೆಯವನೋ ಆಗಿದ್ದರೆ ಮಂಕಾಗಿ ಕೂತಿರುತ್ತಾನೆ. ಮಾತಾಡದವನೆಂದು ಬರೆದುಕೊಂಡರೆ ಅವನ ಊರು ಅಲ್ಲಿಗೇ ಮುಚ್ಚಿಹೋಯಿತು. ನಮ್ಮಲ್ಲಿ ಎರಡು ಮಾತು ಕೇಳಿದರೆ ಯಾವ ಸೀಮೆಯವನೆಂದು ಹೇಳಬಲ್ಲವರಿದ್ದಾರೆ. "ಹೋಪುದು" ಎಂದರೆ ಘಟ್ಟದ ಕೆಳಗೆ, "ಹೊಂಟೀನ್ರಿ" ಎಂದರೆ ಕಲಬುರಗಿ ರಾಯಚೂರಿನ ಕಡೆ. ಊರ ಹೆಸರು ಮರೆತವನಿಗೆ ಸಂತೆಯ ಹೆಸರು, ಜಾತ್ರೆಯ ದೇವರ ಹೆಸರು ನೆನಪಿರಬಹುದು. ಇಷ್ಟಕ್ಕೆ ಹಣ ಬೇಡ, ಪಕ್ಕದಲ್ಲಿ ಕೂತು ಚಹಾ ಕುಡಿಸುವ ತಾಳ್ಮೆ ಬೇಕು. ಮಹಾರಾಷ್ಟ್ರದ ಕರ್ಜತಿನಲ್ಲಿ ಡಾಕ್ಟರ್ ಭರತ್ ವಾಟ್ವಾನಿಯವರ ಶ್ರದ್ಧಾ ಸಂಸ್ಥೆ ಇದನ್ನೇ ಮಾಡುತ್ತ ಬಂದಿದೆ: ಬೀದಿಯಿಂದ ತಂದು, ಮದ್ದು ಕೊಟ್ಟು, ಮನಸ್ಸು ತಿಳಿಯಾದ ಮೇಲೆ ಊರು ಕೇಳಿ, ಮನೆ ಮುಟ್ಟಿಸುವುದು. ಹೀಗೆ ಮನೆ ಸೇರಿದವರು ಸಾವಿರಾರು. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸಂಬಳ, ರಜೆ, ಬೋನಸ್ಸಿನ ಮಾತು ಬಿಟ್ಟು ಸಂಘಕ್ಕೆ ಇವರ ಗೊಡವೆ ಯಾಕೆ ಎನ್ನುವವರುಂಟು. ಇದೂ ಸಂಬಳದ ಮಾತೇ. ಇ.ಎಸ್.ಐ. ನಿಯಮದಲ್ಲಿ ದೀರ್ಘ ಕಾಯಿಲೆಗಳ ಪಟ್ಟಿಯೊಂದಿದೆ. ಕ್ಷಯ, ಕ್ಯಾನ್ಸರಿನ ಜೊತೆಗೆ ತೀವ್ರ ಮನೋರೋಗವೂ ಅದರಲ್ಲುಂಟು. ಎರಡು ವರ್ಷ ಕೆಲಸದಲ್ಲಿದ್ದು ವಂತಿಗೆ ಕಟ್ಟಿದವನಿಗೆ ಕೂಲಿಯ ಶೇಕಡ 80ರಷ್ಟು ಹಣ ಎರಡು ವರ್ಷದವರೆಗೂ ಸಿಗಬಹುದು. ಇದು ಎಷ್ಟು ಜನ ಸಪ್ಲಾಯರರಿಗೆ ಗೊತ್ತು? ಹೆಸರೇ ನೋಂದಾಯಿಸದ ಧಣಿಗಳಿದ್ದಾರಲ್ಲ, ಜಗಳ ಅಲ್ಲಿಂದ ಶುರುವಾಗಲಿ. ಕಾಯಿಲೆಯವನ ಜಾಗವನ್ನು ಮೂರು ತಿಂಗಳಾದರೂ ಕಾದಿಡಬೇಕೆಂಬುದೂ ನಮ್ಮ ಬೇಡಿಕೆಪಟ್ಟಿಗೆ ಸೇರಬೇಕು.

ಆರಂಭದಲ್ಲೇ ಕೇಳಬೇಕೆಂದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಊರು ಮುಟ್ಟಿದ ಮೇಲೆ ಮಾತ್ರೆ ನಿಂತರೆ ಬಹಳ ಜನಕ್ಕೆ ಕಾಯಿಲೆ ಮರುಕಳಿಸುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಈ ಮದ್ದು ಕೊಡಬಹುದೆಂದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದ್ದಾರೆ. ಆದುದರಿಂದ ಕರೆದೊಯ್ಯುವವನು ಮನೆ ಬಾಗಿಲಲ್ಲಿ ಬಿಟ್ಟು ಬರಕೂಡದು. ಆಸ್ಪತ್ರೆಯ ಚೀಟಿಯನ್ನು ಅಲ್ಲಿಯ ಡಾಕ್ಟರಿಗೆ ತೋರಿಸಿ, ಮುಂದಿನ ತಿಂಗಳ ಮಾತ್ರೆ ಎಲ್ಲಿ ಸಿಗುತ್ತದೆಂದು ಅವನ ತಾಯಿಗೋ ಅಣ್ಣನಿಗೋ ತಿಳಿಸಿ ಬರಬೇಕು. ಅದಕ್ಕೆ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನದ ಕೂಲಿಯನ್ನೂ ರೈಲಿನ ಟಿಕೇಟನ್ನೂ ಸಂಘದ ನಿಧಿಯಿಂದ ಕೊಡಬೇಕೆಂದು ಬರುವ ಸಭೆಯಲ್ಲಿ ಕೇಳಲಿದ್ದೇವೆ.