ಗುಣಮಟ್ಟವೆಂಬ ಹೊಸ ಮಡಿ

ಊರಿನಲ್ಲಿ ಈಗ ಒಂದು ಮಾತು ಓಡಾಡುತ್ತಿದೆ. 'ಸರ್ಕಾರಿ ಶಾಲೇಲಿ ಕ್ವಾಲಿಟಿ ಇಲ್ಲ.' ಹೋಟೆಲಿನ ಬೆಂಚಿನ ಮೇಲೆ ಕೂತವರು, ಪಂಚಾಯ್ತಿ ಕಟ್ಟೆಯ ಮೇಲೆ ಕೂತವರು, ವಿಧಾನಸೌಧದ ಕುರ್ಚಿಯ ಮೇಲೆ ಕೂತವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಐದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಪಾಠ ಓದೋಕೆ ಬರಲ್ಲ ಅಂತ ವರದಿ ತೋರಿಸುತ್ತಾರೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು: 'ಅಲ್ಲಿರೋದೆಲ್ಲ ಆ ಕೇರಿ ಮಕ್ಕಳೇ ಅಲ್ವಾ?'

ಮೊದಲನೇ ಮಾತು ಮೈಕಿನಲ್ಲಿ ಹೇಳೋದು. ಎರಡನೇದು ಕಿವಿಯಲ್ಲಿ ಹೇಳೋದು. ಈ ಕಿವಿಮಾತಿಗೆ 150 ವರ್ಷ ಮೀರಿದ ವಯಸ್ಸಾಗಿದೆ.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಹುಡುಗನೊಬ್ಬನ ಅರ್ಜಿ ಬಂತು. ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ತಲೆತಲಾಂತರದ ಪೂರ್ವಗ್ರಹಕ್ಕೆ ಕೈಹಾಕಿದರೆ ವಿದ್ಯೆಯ ಕೆಲಸಕ್ಕೇ ಹಾನಿಯಾಗುತ್ತದೆ. ಬಾಬಾಸಾಹೇಬರು ಸೈಮನ್ ಕಮಿಷನ್ನಿನ ಮುಂದೆ ಈ ಪ್ರಕರಣವನ್ನು ತೆಗೆದಿಟ್ಟರು. ಅಂದು ನಾವು ಒಳಗೆ ಬಂದರೆ ವಿದ್ಯೆಗೆ ಹಾನಿ. ಇಂದು ನಾವೇ ಒಳಗೆ ಉಳಿದರೆ ಗುಣಮಟ್ಟಕ್ಕೆ ಹಾನಿ. ಎಷ್ಟು ವರ್ಷ ಕಳೆದರೂ ತಪ್ಪು ಮಾತ್ರ ನಮ್ಮ ಮೈಯಲ್ಲೇ ಇರಬೇಕು!

1950ರ ಸಂವಿಧಾನ ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಕಡ್ಡಾಯ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತು. 1960ಕ್ಕೆ ಗಡುವು ಮುಗಿಯಿತು. ಅದಕ್ಕೊಂದು ಕಾನೂನು ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ನಡುವಿನ 50 ವರ್ಷದಲ್ಲಿ ನಮ್ಮ ಅಪ್ಪಂದಿರು ದನ ಕಾಯ್ದರು, ಜೀತ ಮಾಡಿದರು, ಮುದುಕರಾದರು. ಅವರ ಮಕ್ಕಳು ಸ್ಲೇಟು ಹಿಡಿದು ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಊರೊಳಗೆ ಹಳದಿ ವ್ಯಾನು ಬಂದಿತ್ತು. ಉಳ್ಳವರ ಮಕ್ಕಳು ಹತ್ತಿ ಹೋದರು. ಸಾಲ ಮಾಡಿ ಸಣ್ಣ ರೈತರ ಮಕ್ಕಳೂ ಹೋದರು. ನೌಕರಿ ಸಿಕ್ಕ ನಮ್ಮವರ ಮಕ್ಕಳೂ ಹೋದರು. ಈಗ ಎಷ್ಟೋ ಊರುಗಳ ಹಾಜರಿ ಪುಸ್ತಕ ತೆಗೆದು ನೋಡಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಮುಸ್ಲಿಮರು. ಅಪ್ಪನ ಕಸುಬು ಕೇಳಿದರೆ ಕೂಲಿ, ಕೂಲಿ, ಕೂಲಿ.

ಈ ಮಕ್ಕಳಿಗೆ ಸಿಗೋದು ಏನು? ಕಾನೂನಿನ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರೇ ಮೇಷ್ಟ್ರು. ಕ್ಲಾಸು ಐದು, ಮೇಷ್ಟ್ರು ಇಬ್ಬರು. ಅದರಲ್ಲಿ ಒಬ್ಬರು ಮೀಟಿಂಗಿಗೆ ಹೋದರೆ ಐದು ಕ್ಲಾಸಿಗೆ ಒಬ್ಬರು. ಚುನಾವಣೆಗೆ ಅವರೇ, ಜನಗಣತಿಗೆ ಅವರೇ, 2025ರ ಜಾತಿ ಸಮೀಕ್ಷೆಗೂ ಅವರೇ. ನಮ್ಮ ತಲೆ ಎಣಿಸಬೇಕು, ಬೇಡ ಅನ್ನೋದಿಲ್ಲ. ಆದರೆ ಎಣಿಸಿದ ತಲೆಯೊಳಕ್ಕೆ ಅಕ್ಷರ ಹಾಕೋರು ಯಾರು? ಕಬ್ಬು ಕಡಿಯೋಕೆ, ಇಟ್ಟಿಗೆ ಗೂಡಿಗೆ ಅಪ್ಪ ಅವ್ವ ಗುಳೆ ಹೋದರೆ ಮಗುವೂ ಗಂಟುಮೂಟೆಯ ಜತೆ ಹೋಗುತ್ತದೆ. ವಾಪಸ್ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. 'ಆಲು' ಅಂತ ಓದಿದರೆ ನಗುತ್ತಾರೆ. ಹಾಲು ಕಾಣದ ಮನೆಯ ಮಗುವಿಗೆ ಹಕಾರ ಇಲ್ಲ ಅನ್ನೋದೇ ದೊಡ್ಡ ಕೊರತೆ!

ಇನ್ನು ಕಾನ್ವೆಂಟಿನ ಮಾರ್ಕ್ಸು. ಫೀಸು ಕಟ್ಟೋ ಮನೆ, ಓದಿದ ಅಪ್ಪ ಅಮ್ಮ, ಸಂಜೆ ಟ್ಯೂಷನ್ನು. ಆ ಮಾರ್ಕ್ಸು ಶಾಲೆಯದೋ, ಮನೆಯದೋ, ಮೂರು ತಲೆಮಾರಿನ ಜಮೀನಿನದೋ? ಒಬ್ಬನ ಕಾಲಿಗೆ ಕಲ್ಲು ಕಟ್ಟಿ, ಇನ್ನೊಬ್ಬನನ್ನು ಬೈಕಿನಲ್ಲಿ ಕೂರಿಸಿ, ಯಾರು ಮೊದಲು ಬಂದರು ನೋಡಿ ಅಂದರೆ ಅದನ್ನು ಓಟದ ಪಂದ್ಯ ಅನ್ನೋದಕ್ಕಾಗುತ್ತಾ?

2025ರ ಜೂನ್‌ನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟದ ಅಡುಗೆಗೆ ದಲಿತ ಹೆಣ್ಣುಮಗಳು ಬಂದ ಮೇಲೆ 22 ಮಕ್ಕಳಿದ್ದ ಶಾಲೆ ಹೆಚ್ಚುಕಡಿಮೆ ಬರಿದಾಯಿತು ಅಂತ ವರದಿ. ವಿಚಾರಿಸಿದರೆ ಕೆಲವು ಪೋಷಕರ ಉತ್ತರ: ಜಾತಿ ಅಲ್ಲ, ಪಾಠ ಸರಿಯಿಲ್ಲ. ಎಂಥ ಅನುಕೂಲದ ಮಾತು ನೋಡಿ! ಪಾಠ ಕೆಟ್ಟದ್ದು ಒಲೆಯ ಮುಂದೆ ಆ ತಾಯಿ ಕೂತ ಮೇಲೆಯೇ? ಮುಟ್ಟಿಸಿಕೊಳ್ಳಲ್ಲ ಅಂದರೆ ಕೇಸಾಗುತ್ತದೆ. ಗುಣಮಟ್ಟ ಇಲ್ಲ ಅಂದರೆ ಯಾವ ಕೇಸೂ ಇಲ್ಲ. ಹಳೇ ಮಡಿಪಂಚೆ ಬಿಚ್ಚಿಟ್ಟು ಉಟ್ಟ ಹೊಸ ಮಡಿ ಇದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಗಳವರು ಎದ್ದು ನಿಂತರಲ್ಲ, ಅವರೂ ಈ ಮಡಿಯವರೇ. ರಕ್ತಹೀನ ಮಗುವಿನ ತಟ್ಟೆಯ ಒಂದು ಮೊಟ್ಟೆ ಅವರ ಕಣ್ಣು ಕುಕ್ಕಿತು.

ಸರ್ಕಾರವೇನು ಕಮ್ಮಿಯೇ? ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಅಂತ ಕಾನೂನು ಇತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ ಕರ್ನಾಟಕ 2019ರಲ್ಲಿ ನಿಯಮ ತಂದಿತು. ಸರಿ ಸ್ವಾಮಿ, ಹತ್ತಿರದ ಶಾಲೆ ನಮ್ಮ ಮಕ್ಕಳಿಗೆ ಸಾಕು. ಹಾಗಾದರೆ ತಹಶೀಲ್ದಾರರ ಮಗನಿಗೆ, ಮಂತ್ರಿಯ ಮೊಮ್ಮಗಳಿಗೆ ಯಾಕೆ ಸಾಲದು? ಎಲ್ಲ ಮಕ್ಕಳೂ ಒಂದೇ ನೆರೆಹೊರೆ ಶಾಲೆಯಲ್ಲಿ ಓದಲಿ ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನೌಕರರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟು ಆದೇಶ ಮಾಡಿತು. ಜಾರಿ ಮಾಡಬೇಕಾದವರ ಮಕ್ಕಳೇ ಕಾನ್ವೆಂಟಿನಲ್ಲಿದ್ದರು. ಆದೇಶ ಕಾಗದದಲ್ಲೇ ಉಳಿಯಿತು.

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ನಮ್ಮಲ್ಲಿ ಎಷ್ಟೋ ಜನ ಈ 'ಕ್ವಾಲಿಟಿ ಇಲ್ಲದ' ಶಾಲೆಯಿಂದಲೇ ಬಂದವರು. ಹಂಚು ಒಡೆದ ಆ ಕೋಣೆ ಇಲ್ಲದಿದ್ದರೆ ನಾವು ಇವತ್ತಿಗೂ ಗೌಡರ ಕೊಟ್ಟಿಗೆಯಲ್ಲೇ ಇರುತ್ತಿದ್ದೆವು. ಆ ಬಾಗಿಲು ಮುಚ್ಚೋಕೆ ಬಿಡಬಾರದು. ರಜೆಗೆ ಊರಿಗೆ ಹೋದಾಗ ಶಾಲೆಯೊಳಕ್ಕೆ ಹೋಗೋಣ. ಮೇಷ್ಟ್ರು ಎಷ್ಟು, ಕ್ಲಾಸು ಎಷ್ಟು, ಬರೆದುಕೊಳ್ಳೋಣ. ಶಾಲಾಭಿವೃದ್ಧಿ ಸಮಿತಿಗೆ ನಮ್ಮ ಅವ್ವಂದಿರನ್ನು ಕೂರಿಸೋಣ. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸೋಕಲ್ಲ, ಪ್ರಶ್ನೆ ಕೇಳೋಕೆ. ಮಕ್ಕಳಿಲ್ಲ, ಬೇರೆ ಶಾಲೆಗೆ ಸೇರಿಸುತ್ತೇವೆ ಅಂತ ಬೀಗ ತಂದರೆ ಬಾಗಿಲಲ್ಲಿ ಕೂರೋಣ. ಸಂಜೆ ಹೊತ್ತು ಕೇರಿಯಲ್ಲಿ ಲೈಟಿನ ಕೆಳಗೆ ಹತ್ತು ಮಕ್ಕಳನ್ನು ಕೂರಿಸಿ ಓದಿಸೋಣ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಫೇಲು ಅಂತ ಬರೆಯೋದಾದರೆ ಬಿಟ್ಟು ಓಡಿದವರ ಹೆಸರಿನ ಮುಂದೆ ಬರೆಯಿರಿ. ನಮ್ಮ ಮಕ್ಕಳು ಇನ್ನೂ ಬೆಂಚಿನ ಮೇಲೆ ಕೂತೇ ಇದ್ದಾರೆ. ಅವರಿಗೆ ಮೇಷ್ಟ್ರನ್ನು ಕಳಿಸಿ.

ಜೈ ಭೀಮ್.