ಹತ್ತಿದವರು ಇಳಿಯಬೇಕಲ್ಲ

ನಮ್ಮ ಟೀಮಿನಲ್ಲಿ ಅಮೆರಿಕದ ಮಿಷಿಗನ್ ಕಡೆಯವನೊಬ್ಬ ಇದ್ದಾನೆ. ಅಕ್ಟೋಬರ್ ಬಂತೆಂದರೆ ಅವನಿಗೆ ಜಿಂಕೆ ಬೇಟೆಯ ಗುಂಗು. ಬಿಲ್ಲು ಹಿಡಿದು ಮರದ ಮೇಲೆ ಕಾದು ಕೂರುತ್ತಾನೆ. ಅಟ್ಟಣಿಗೆ ಏನೂ ಇಲ್ಲ. ಸೊಂಟ ಮತ್ತು ತೊಡೆಗೆ ಸುತ್ತಿಕೊಂಡ ಅಗಲ ಪಟ್ಟಿಯೊಂದನ್ನು ಹಗ್ಗದಿಂದ ಮರಕ್ಕೆ ಬಿಗಿದು, ಕಾಲು ಕಾಂಡಕ್ಕೆ ಊರಿ, ಇಪ್ಪತ್ತು ಅಡಿ ಎತ್ತರದಲ್ಲಿ ಗಂಟೆಗಟ್ಟಲೆ ಜೋತುಕೊಂಡಿರುತ್ತಾನೆ. ಇದಕ್ಕೆ ಅಲ್ಲಿ ಸ್ಯಾಡಲ್ ಹಂಟಿಂಗ್ ಅನ್ನುತ್ತಾರೆ. ನಮ್ಮ ಮಲೆನಾಡಿನವರಿಗೆ ಇದೇನೂ ಹೊಸದಲ್ಲ, 'ಮರಸು ಕೂರುವುದು' ಎಂಬ ಮಾತು ಅಲ್ಲಿ ಹಳೆಯದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಜ್ಜಂದಿರ ಕತೆಗಳಿಗೆ ಸೇರಿಹೋಗಬೇಕಿತ್ತು. ಸೇರಿತೋ ಇಲ್ಲವೋ, ಇಲ್ಲಿ ಬೇಡ.

ಬೇಟೆಯಲ್ಲಿ ನನಗೆ ಆಸಕ್ತಿ ಇಲ್ಲ. ಆದರೆ ಅವನು ಹೇಳಿದ ಹತ್ತಿಳಿಯುವ ಕ್ರಮ ಕೇಳಿ ಕಿವಿ ನೆಟ್ಟಗಾಯಿತು. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೂ ಒಂದು ಹಗ್ಗ ಮರವನ್ನು ಹಿಡಿದಿರಲೇಬೇಕು. ಹತ್ತುವಾಗ ಸೊಂಟದಿಂದ ಹೊರಟು ಮರವನ್ನು ಬಳಸಿ ಬರುವ ಹಗ್ಗ, ನಮ್ಮ ಲೈನ್‌ಮನ್‌ಗಳು ಕಂಬದ ಮೇಲೆ ಕಟ್ಟಿಕೊಳ್ಳುವಂಥದ್ದು. ಮೇಲೆ ತಲುಪಿದ ಮೇಲೆ ತಲೆಯ ಮಟ್ಟಕ್ಕಿಂತ ಮೇಲೆ ಎರಡನೆಯ ಹಗ್ಗ ಬಿಗಿದು ಅದಕ್ಕೆ ಭಾರ ಕೊಡುವುದು. ಎರಡನೆಯದು ಬಿಗಿಯಾಗುವವರೆಗೆ ಮೊದಲನೆಯದನ್ನು ಬಿಚ್ಚುವಂತಿಲ್ಲ. ಬಿಲ್ಲು, ಚೀಲ ಯಾವುದನ್ನೂ ಮೈಮೇಲೆ ಹೊತ್ತು ಹತ್ತುವುದಿಲ್ಲ, ಮೇಲೆ ಕೂತ ಬಳಿಕ ದಾರ ಇಳಿಬಿಟ್ಟು ಎಳೆದುಕೊಳ್ಳುತ್ತಾನೆ. 'ಬೀಳುವುದು ಕೂತಾಗ ಅಲ್ಲ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ' ಎಂದ.

ಶೋಕಿಗೆ ಮರ ಹತ್ತುವವನಿಗೆ ಎರಡು ಹಗ್ಗ. ಹೊಟ್ಟೆಪಾಡಿಗೆ ದಿನಕ್ಕೆ ಹತ್ತಾರು ಮರ ಹತ್ತುವವನಿಗೆ? ನಾನು ಹುಟ್ಟಿದ್ದು ವಿಟ್ಲದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಕಂಡದ್ದು ಒಂದು ತಳೆ, ಒಂದು ಕತ್ತಿ, ಅಷ್ಟೇ. ಎರಡು ಪಾದಗಳನ್ನು ಸೇರಿಸುವ ಆ ಹಗ್ಗದ ಬಳೆ ಕಾಲು ಜಾರದಂತೆ ನೋಡಿಕೊಳ್ಳುತ್ತದೆ ನಿಜ, ಕೈ ಜಾರಿದರೆ ಅದರಿಂದ ಏನೂ ಆಗದು. ಶಿರಸಿ ಕಡೆಯ ಕೊನೆಗೌಡರು ಹಗ್ಗ ಕಟ್ಟಿದ ಸಣ್ಣ ಮಣೆಯನ್ನು ಮರಕ್ಕೆ ಸಿಕ್ಕಿಸಿ ಕೂತು ಕೆಲಸ ಮಾಡುತ್ತಾರೆ. ಮಿಷಿಗನ್‌ನವನ ಸ್ಯಾಡಲ್‌ಗೆ ಇದು ಅಣ್ಣನೋ ತಮ್ಮನೋ ಆಗಬೇಕು. ಆದರೆ ಮಣೆ ಕೂರಲಿಕ್ಕೆ ಮಾತ್ರ, ಬೀಳುವವನನ್ನು ಅದು ಹಿಡಿಯುವುದಿಲ್ಲ.

ಅಡಿಕೆಯಲ್ಲಿ ಅಪಾಯ ಕೊಯ್ಲಿಗಿಂತ ಮದ್ದು ಬಿಡುವಾಗ ಹೆಚ್ಚು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಆ ಎರಡನೆಯ ಸಲ ಬರುವುದು ಆಟಿ ತಿಂಗಳ ಮಳೆಯ ನಡುವೆ. ಎರಡು ದಿನ ಹೊಳವಾಯಿತೆಂದರೆ ಊರಿಗೆಲ್ಲ ಒಟ್ಟಿಗೇ ಅವಸರ. ಕಾಂಡದ ಮೇಲೆ ಪಾಚಿ, ಕೈಯಲ್ಲಿ ಪೈಪಿನ ಗನ್ನು, ಇಳಿದು ಹತ್ತುವ ಶ್ರಮ ಉಳಿಸಲು ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟುವ ಅಭ್ಯಾಸ. ನಮ್ಮಲ್ಲಿ ಮೂವತ್ತು ವರ್ಷ ಅಡಿಕೆ ಕೊಯ್ದವರು ಬಿದ್ದದ್ದು ಹಾಗೆ ದಾಟುವಾಗಲೇ. ಬೆನ್ನುಮೂಳೆಗೆ ಪೆಟ್ಟಾಯಿತು. ಒಂಬತ್ತು ವರ್ಷವಾಯಿತು, ಜಗಲಿಯ ಮಂಚದಿಂದ ಎದ್ದಿಲ್ಲ. ಅವರ ಮಗ ಈಗ ಇಲ್ಲೇ ಠಾಣೆಯ ಹೊಟೇಲೊಂದರಲ್ಲಿ ಕೌಂಟರ್‌ನಲ್ಲಿದ್ದಾನೆ. 'ಅಪ್ಪ ಮರಕ್ಕೆ ಕೈ ಮುಟ್ಟಿಸಲಿಲ್ಲ ಅಣ್ಣ, ಬಸ್ಸಿಗೆ ದುಡ್ಡು ಕೊಟ್ಟು ಕಳಿಸಿದ್ರು' ಅಂದ. ಊರಲ್ಲಿ ಮರ ಹತ್ತುವವರು ಸಿಗುವುದಿಲ್ಲ ಎಂದು ಫೋನಿನಲ್ಲಿ ದೂರುವ ನಮ್ಮ ನೆಂಟರಿಷ್ಟರಿಗೆ ನಾನು ಹೇಳುವುದು ಇದನ್ನೇ.

ಉಪಾಯ ಹುಡುಕಿದವರು ಇಲ್ಲದಿಲ್ಲ. ಬಂಟ್ವಾಳದ ಸಜೀಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಏರುವ ಬೈಕಿನ ವಿಡಿಯೋ 2019ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು, ಆನಂದ್ ಮಹೀಂದ್ರಾ ಕೂಡ ಮೆಚ್ಚಿ ಟ್ವೀಟ್ ಮಾಡಿದ್ದರು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯುವುದೂ ಮದ್ದು ಬಿಡುವುದೂ ಸಾಧ್ಯವಾಗಿದೆ. ಬೆಲೆ ಹಗುರವಲ್ಲ, ಕತ್ತು ನೋವು ಖಚಿತ. ಆದರೂ ನನ್ನ ಮತ ದೋಟಿಗೇ. ಮರ ಹತ್ತದೇ ಇರುವುದಕ್ಕಿಂತ ದೊಡ್ಡ ಸುರಕ್ಷತೆ ಯಾವುದಿದೆ? ತೆಂಗಿಗೆ ಕಣ್ಣೂರಿನ ಚೆಂಬೇರಿ ಜೋಸೆಫರ ಯಂತ್ರವಿದೆ. ಎರಡು ಕಾಲಿಗೆ ಎರಡು ಪೆಡಲು, ಪ್ರತಿಯೊಂದಕ್ಕೂ ಮರವನ್ನು ಸುತ್ತುವ ತಂತಿ ಹಗ್ಗ. ಭಾರ ಬಿದ್ದಾಗ ತಂತಿ ಕಾಂಡವನ್ನು ಕಚ್ಚುತ್ತದೆ, ಭಾರ ತೆಗೆದರೆ ಸಡಿಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕ ಯುವತಿಯರಿಗೆ ತರಬೇತಿ ಕೊಡುತ್ತಾ ಬಂದದ್ದು ಇಂಥ ಯಂತ್ರದಲ್ಲೇ. ಆದರೆ ಯಂತ್ರ ಕಚ್ಚುವುದು ಮರವನ್ನು, ಮನುಷ್ಯನನ್ನಲ್ಲ. ಪೆಡಲಿನಿಂದ ಕಾಲು ತಪ್ಪಿದರೆ ಹಿಡಿಯಲು ಬೆಲ್ಟು ಬೇರೆಯೇ ಬೇಕು.

ಈಗ ಮುಂಬಯಿಗೆ ಬರೋಣ. ಮರ ಏರುವ ಕಸುಬಿಗೂ ಈ ಊರಿಗೂ ನಂಟು ಹಳೆಯದು. ಇಲ್ಲಿಯ ಭಂಡಾರಿಗಳು ತಾಡಿ, ಮಾಡಿ ಇಳಿಸುತ್ತಿದ್ದವರು. ನಮ್ಮ ಜಿಲ್ಲೆಯ ಮೂರ್ತೆದಾರರ ಮಕ್ಕಳು ಬಂದು ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆ ಓದಿ, 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿದರು. ಊರಲ್ಲಿ ಮೂರ್ತೆಯವರು ಮರಕ್ಕೆ ತೆಂಗಿನಕಾಯಿ ಸಿಪ್ಪೆ ಕಟ್ಟಿ ಮೆಟ್ಟಿಲು ಮಾಡುತ್ತಿದ್ದರು. ಗೋವಾ ಕಡೆ ಕಾಂಡವನ್ನೇ ಕಡಿದು ಗಾಳೆ ಮಾಡುತ್ತಾರೆ. ಹತ್ತಲು ಸುಲಭ, ಮರಕ್ಕೆ ಗಾಯ. ಕೆಂಪು ಮೂತಿ ಹುಳಕ್ಕೆ ಗಾಯದ ವಾಸನೆಯೇ ಆಮಂತ್ರಣ.

ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಹದಿನಾಲ್ಕು ತೆಂಗಿನ ಮರಗಳಿವೆ. ಮೇ ತಿಂಗಳಲ್ಲಿ ಪಾಲಿಕೆಯಿಂದ ಅಪಾಯದ ಕೊಂಬೆ ಸವರಿಸಿ ಎಂದು ಸೂಚನೆ ಬರುತ್ತದೆ. ಖಾಸಗಿ ಜಾಗದ ಮರಗಳ ಹೊಣೆ ಸೊಸೈಟಿಯದೇ. ಕೊಂಬೆ ಕಡಿಯಲು ಮಹಾರಾಷ್ಟ್ರದ 1975ರ ವೃಕ್ಷ ಕಾಯ್ದೆಯಡಿ ಅನುಮತಿಯೂ ಬೇಕು. ಭಯ ಸುಮ್ಮನೆ ಬಂದದ್ದಲ್ಲ. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ಬೆಳಗಿನ ನಡಿಗೆಗೆ ಹೊರಟ ಮಹಿಳೆಯ ಮೇಲೆ ತೆಂಗಿನ ಮರ ಉರುಳಿ ಅವರು ತೀರಿಕೊಂಡರು. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಗಾಳಿ ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ಮುಟ್ಟಿತು, ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಬಿದ್ದವು. ಹೀಗಾಗಿ ಕೆಳಗೆ ನಡೆಯುವವರ ತಲೆಯ ಬಗ್ಗೆ ಸೊಸೈಟಿ ಮೀಟಿಂಗಿನಲ್ಲಿ ಒಂದು ಗಂಟೆ ಚರ್ಚೆಯಾಗುತ್ತದೆ. ಮೇಲೆ ಹತ್ತುವವನ ಬಗ್ಗೆ ಒಂದೇ ಪ್ರಶ್ನೆ: ಮರಕ್ಕೆ ಎಷ್ಟು?

ನಮ್ಮಲ್ಲಿಗೆ ಬರುವವರು ಪಾಲ್ಘರ್ ಕಡೆಯವರು, ಐವತ್ತು ದಾಟಿರಬೇಕು. ಎಲ್ಲರೂ ಕಾಕಾ ಅನ್ನುತ್ತಾರೆ. ಬರಿಗಾಲು, ಸೊಂಟಕ್ಕೆ ಕೊಯ್ತಾ. ಹತ್ತುವ ಮೊದಲು ಅವರು ಮಾಡುವ ತಪಾಸಣೆ ನೋಡಬೇಕು. ಬುಡದಿಂದ ಕಂದು ರಸ ಇಳಿದಿದೆಯೇ, ಕಾಂಡದಲ್ಲಿ ತೂತಿನಿಂದ ಅಗಿದ ನಾರು ಹೊರಬಂದಿದೆಯೇ, ಕೊಯ್ತಾದ ಹಿಡಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ. ಹೋದ ವರ್ಷ ಒಂದು ಮರವನ್ನು 'ಹೇ ನಾಹೀ, ಸಾಹೇಬ್' ಎಂದು ಬಿಟ್ಟೇಬಿಟ್ಟರು. ಆ ಕಣ್ಣು ಯಾವ ಬೆಲ್ಟಿಗೂ ಬರುವುದಿಲ್ಲ.

ಈ ಸಲ ನಾನು ಮೀಟಿಂಗಿನಲ್ಲಿ ಕೇಳಿದ್ದು ಎರಡು. ಇಡೀ ಮೈಯ ಹಾರ್ನೆಸ್ ಒಂದು, ಜೊತೆಗೆ ಮರ ಸುತ್ತುವ ಎರಡು ಹಗ್ಗ. ಬರಿ ಸೊಂಟದ ಬೆಲ್ಟು ಬೇಡ, ಬಿದ್ದರೆ ಅದು ಹೊಟ್ಟೆಯನ್ನೇ ಹಿಂಡುತ್ತದೆ. 'ಮೂವತ್ತು ವರ್ಷದಿಂದ ಹತ್ತುತ್ತಾರೆ, ಏನೂ ಆಗಿಲ್ಲ' ಎಂದರು ಒಬ್ಬರು. ನಮ್ಮ ಊರಿನ ಜಗಲಿಯ ಮಂಚದ ವಿಷಯ ಹೇಳಿದೆ. ಖಜಾಂಚಿಯವರು ಚೆಕ್ಕಿಗೆ ಸಹಿ ಹಾಕಿದರು.

ಕಾಕಾರಿಗೆ ಮೊದಲು ಇಷ್ಟವಾಗಲಿಲ್ಲ. ಹಗ್ಗ ಮೇಲೆ ಸರಿಸುವಾಗೆಲ್ಲ ನಿಲ್ಲಬೇಕು, ಅದು ಕಿರಿಕಿರಿ. ಎರಡನೆಯ ಮರದ ಹೊತ್ತಿಗೆ ಅವರೇ ಒಂದು ಲಯ ಕಂಡುಕೊಂಡರು, ಮೂರು ಹೆಜ್ಜೆಗೆ ಒಮ್ಮೆ ಹಗ್ಗ. ಕಷ್ಟವಿರುವುದು ಮಂಡೆಯ ಹತ್ತಿರ. ಒಣ ಮಡಲುಗಳು ಜೋತಿರುವಲ್ಲಿ ಹಗ್ಗ ಮೇಲಕ್ಕೆ ಹೋಗುವುದಿಲ್ಲ. ಅಲ್ಲಿ ಕೆಳಗಿನ ಹಗ್ಗ ಹಾಗೇ ಇರಲಿ, ಒಣಗಿದ್ದನ್ನು ಕಡಿದು ದಾರಿ ಮಾಡಿ ಮೇಲಿನದನ್ನು ಬಿಗಿದು, ಎಳೆದು ನೋಡಿ, ಆಮೇಲೆ ಕೆಳಗಿನದು ಬಿಚ್ಚಿ ಎಂದು ತೋರಿಸಿದ್ದಕ್ಕೆ ತಲೆಯಾಡಿಸಿದರು. ಕೊಯ್ತಾ ಬೀಸುವಾಗ ಹಗ್ಗಕ್ಕೆ ತಾಗೀತು ಎಂದು ಅದನ್ನು ಎಡಕ್ಕೆ ಸರಿಸಿ ಬಲಕ್ಕೆ ಕಡಿಯುವ ಉಪಾಯ ಮಾತ್ರ ಅವರದೇ.

ಇಳಿಯುವಾಗ ಆತುರ ಹೆಚ್ಚು. ಕೈ ಸೋತಿರುತ್ತದೆ, ಕಣ್ಣಿಗೆ ಬೆವರು, ಕೆಲಸ ಮುಗಿಯಿತೆಂಬ ನಿರಾಳ. ಹಗ್ಗ ಬಿಚ್ಚಿ ಸರ್ರನೆ ಜಾರಿಬಿಡುವ ಆಸೆ ಆಗುವುದು ಆಗಲೇ. ಕೆಳಗೆ ಒಬ್ಬರು ಬರೀ ನೋಡಿಕೊಳ್ಳಲಿಕ್ಕೆಂದೇ ಇರಬೇಕು, ಅದೂ ಮಡಲು ಬೀಳುವ ವ್ಯಾಪ್ತಿಯ ಹೊರಗೆ. ಬೆಲ್ಟಿನಲ್ಲಿ ಸಿಕ್ಕಿಕೊಂಡು ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿಗೆ ಇಳಿದು ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹಾಗಾಗಿ ಏಣಿ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು, ಅಗ್ನಿಶಾಮಕ ದಳದ 101 ವಾಚ್‌ಮನ್‌ಗೂ ಬಾಯಿಪಾಠ ಇರಬೇಕು. ಮಳೆ ಹನಿದ ದಿನ, ಗಾಳಿ ಎದ್ದ ದಿನ, ಕರೆಂಟಿನ ತಂತಿ ತಾಗುವ ಮರ, ಇವಕ್ಕೆ ಬೆಲ್ಟಿದ್ದರೂ ಹತ್ತಿಸಬೇಡಿ.

ಮೊದಲೆಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತಿದ್ದ ಕೆಲಸ ಈ ಸಲ ಎರಡು ದಿನ ಹಿಡಿಯಿತು. ಎರಡನೆಯ ದಿನದ ದುಡ್ಡು ಯಾರು ಕೊಡಬೇಕು ಎಂದು ಗ್ರೂಪಿನಲ್ಲಿ ಒಂದಷ್ಟು ಮೆಸೇಜು ಓಡಾಡಿದವು, ಕೊನೆಗೆ ಸೊಸೈಟಿಯೇ ಕೊಟ್ಟಿತು. ಬೆಲ್ಟು ಈಗ ವಾಚ್‌ಮನ್ ಕ್ಯಾಬಿನ್ನಿನ ಮೊಳೆಗೆ ನೇತಾಡುತ್ತಿದೆ. ಪಕ್ಕದ ಎರಡು ಸೊಸೈಟಿಗಳಿಗೆ ಹೋಗುವಾಗ ಕಾಕಾ ಅದನ್ನು ಕೇಳಿ ಒಯ್ದಿದ್ದರು.